ಹದಿನಾರನೆಯ ಏಟು

ಪೇಟೆಯ ದೊಡ್ಡ ಶಾಲೆಯ ಗೋಡೆಗೆ ಮೂವತ್ತೊಂದು ಹೆಸರಿನ ಪಟ್ಟಿ ಹಚ್ಚಿದರು. ಮೂವತ್ತು ಹೆಸರಿಗೆ ನಂಬರು ಹಾಕಿದರು. ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವಳ ಹೆಸರನ್ನು ಕೊನೆಗೆ, ಒಂದು ಗೆರೆ ಎಳೆದು, ಗೆರೆಯ ಕೆಳಗೆ ಬರೆದರು. ಆ ಹೆಸರಿಗೆ ನಂಬರು ಹಾಕಲಿಲ್ಲ.

ಹೆಸರು ದ್ಯಾಮವ್ವ. ವಯಸ್ಸು ಹನ್ನೊಂದು. ಹೊಲೆಯರ ಹುಡುಗಿ.

ಅದು ೧೯೩೮ರ ಜೂನ್ ತಿಂಗಳು. ಪುಣೆಯ ಒಬ್ಬ ಸಾವುಕಾರ ಮಕ್ಕಳಿಲ್ಲದೆ ಸತ್ತಿದ್ದ. ಸಾಯುವ ಮುಂಚೆ ತನ್ನ ವಾಡೆಯನ್ನು ಶಾಲೆಗೆ ಬರೆದುಕೊಟ್ಟಿದ್ದ. ಊರಿನ ಶಾಣ್ಯಾ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸಬೇಕು, ಅವರಿಗೆ ಇಲ್ಲಿ ಬೇರೆ ವರ್ಗ ನಡೆಸಬೇಕು, ವರ್ಷ ಪಾಸಾದವರನ್ನು ಹೈಸ್ಕೂಲಿಗೆ ಕಳಿಸಬೇಕು, ಅಂಕ ನೋಡಬೇಕು, ಜಾತಿ ನೋಡಬಾರದು ಎಂದು ಮೃತ್ಯುಪತ್ರದಲ್ಲಿ ಬರೆದಿದ್ದ. ಬದುಕಿದ್ದರೆ ಅವನಿಗೆ ತಿಳಿಹೇಳಬಹುದಿತ್ತು. ಸತ್ತವನ ಜೊತೆ ವಾದ ಮಾಡಲು ಬರುವುದಿಲ್ಲ. ಹಾಗಾಗಿ ಗೆರೆ ಎಳೆದರು.

ದ್ಯಾಮವ್ವನ ತಾಯಿ ನಾಗವ್ವ ಲಕಡಿ ಪೂಲ್ ಎಂಬ ಸೇತುವೆಯ ಕೆಳಗೆ, ಮುಠಾ ನದಿಯ ದಂಡೆಯಲ್ಲಿ ರಸ್ತೆಗೆ ಹಾಕುವ ಜಲ್ಲಿ, ಖಡಿ ಒಡೆಯುತ್ತಿದ್ದಳು. ಗೋಕಾಕ ಕಡೆಯವಳು. ಭೋರ್ ಹತ್ತಿರ ಧರಣ, ಅಂದರೆ ಅಣೆಕಟ್ಟು, ಕಟ್ಟುವಾಗ ಗಂಡನ ಜೊತೆ ಕಲ್ಲು ಹೊರಲು ಬಂದಿದ್ದಳು. ಧರಣಕ್ಕೆ ನೀರು ನಿಂತಿತು. ಗಂಡ ಅದರ ಕಲ್ಲಿನಡಿ ಸತ್ತ. ಸೊಂಟದ ಮೇಲೆ ಕೂಸು ಕಟ್ಟಿಕೊಂಡು ನಾಗವ್ವ ಪುಣೆಗೆ ನಡೆದು ಬಂದಳು. ಆಗಿನಿಂದ ಸುತ್ತಿಗೆ ಹಿಡಿದಿದ್ದಾಳೆ.

ಖಡಿ ಒಡೆಯುವುದಕ್ಕೆ ಒಂದು ರೀತಿ ಇದೆ. ಕುಕ್ಕರಗಾಲಲ್ಲಿ ಕೂತು ಎಡಗಾಲಿನ ಬೆರಳುಗಳಿಂದ ಕಲ್ಲನ್ನು ಒತ್ತಿ ಹಿಡಿಯಬೇಕು. ಮೂರು ಏಟು ಜೋರು. ನಾಲ್ಕನೆಯದು ಹಗುರ. ನಾಲ್ಕನೆಯ ಏಟಿಗೆ ಕಲ್ಲು ಒಡೆಯುವುದಿಲ್ಲ, ಮಗ್ಗುಲು ಹೊರಳುತ್ತದೆ. ಮತ್ತೆ ಮೂರು ಜೋರು. ಮುಂಜಾನೆಯಿಂದ ಹೊತ್ತು ಮುಳುಗುವ ತನಕ ಅದೇ. ಹತ್ತು ವರ್ಷದಲ್ಲಿ ನಾಗವ್ವನ ಎಡಗಾಲಿನ ಎರಡು ಉಗುರು ಹೋಗಿದ್ದವು. ಒಂದು ಚಕ್ಕೆ ಸಿಡಿದು ಬಲಗಣ್ಣಿನ ರೆಪ್ಪೆ ಸೀಳಿತ್ತು. ನಿದ್ದೆಯಲ್ಲೂ ಅವಳ ಕೈ ಮೂರು ಸಲ ಜೋರಾಗಿ, ಒಂದು ಸಲ ಹಗುರಾಗಿ ಆಡುತ್ತಿತ್ತು. ದ್ಯಾಮವ್ವ ಲೆಕ್ಕ ಕಲಿತದ್ದು ಆ ಸುತ್ತಿಗೆಯ ಸಪ್ಪಳದಲ್ಲಿ. ಶಾಲೆಗೆ ಹೋಗುವ ಮುಂಚೆಯೇ ಅವಳಿಗೆ ನಾಲ್ಕರ ಮಗ್ಗಿ ಬರುತ್ತಿತ್ತು.

ಭಾನುವಾರ ಮಧ್ಯಾಹ್ನ ಬಿಂದುಮಾಧವ ಮಾಸ್ತರ ಕೊಡೆ ಹಿಡಿದುಕೊಂಡು ದಂಡೆಗೆ ಬಂದ. ಧಾರವಾಡದ ಬ್ರಾಹ್ಮಣ. ಪೇಟೆಯ ಆ ಶಾಲೆಯ ಮಾಸ್ತರರಲ್ಲಿ ಅವನೊಬ್ಬನೇ ಕನ್ನಡದವನು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಅವರ ಗಾಳಿ ತನಗೆ ತಾಗದ ಕಡೆ ಹತ್ತು ಹೆಜ್ಜೆ ದೂರ ನಿಂತ.

"ಏ ನಾಗವ್ವಾ, ನಿನ್ನ ಮಗಳ ಹೆಸರು ಪಟ್ಟಿಯೊಳಗ ಅದ."

"ಕೇಳೇನ್ರಿ ಮಾಸ್ತರ್ರ. ಗೆರಿ ಕೆಳಗ ಐತಂತಲ್ರಿ."

"ಗೆರಿ ಮ್ಯಾಲಿದ್ರೇನು, ಕೆಳಗಿದ್ರೇನು. ಒಳಗ ಬರೂದು ದೊಡ್ಡದು. ಪೇಪರ್ ತಿದ್ದಿದಾಂವ ನಾನು. ನಾನೇ ಹಟಾ ಹಿಡದು ಹೆಸರು ಹಾಕ್ಸೀನಿ."

ಪಕ್ಕದ ಗುಂಪೆಯಲ್ಲಿ ಖಡಿ ಒಡೆಯುತ್ತಿದ್ದ ಮಹಾಲಿಂಗ ಸುತ್ತಿಗೆ ನಿಲ್ಲಿಸಿದ. "ಒಳಗಂದ್ರ ಎಲ್ಲೀಮಟಾ ಒಳಗ್ರಿ? ಬಾಗಲಾ ದಾಟಿಯೋ, ದಾಟದನೋ?"

ಬಿಂದುಮಾಧವ ಕೇಳಿಸದವನಂತೆ ನಾಗವ್ವನ ಕಡೆಗೇ ನೋಡಿದ.

"ನಾಳಿ ಹೊಸಾ ವರ್ಷದ ವರ್ಗ ಸುರು. ಸರಸ್ವತಿ ಪೂಜಾ ಅದ. ಎಲ್ಲಾರೂ ಎಂಟಕ್ಕ ಬರ್ತಾರ. ನಿನ್ನ ಮಗಳನ್ನ ಆರಕ್ಕ ಕಳಸು. ಪಾಟಿ ತೊಗೊಂಡು ಬರಬೇಕಂತ ಹೆಡ್ಮಾಸ್ತರ್ ಹೇಳ್ಯಾರ."

"ಪಾಟಿ ಏನ್ರಿ?"

"ಹೂಂ. ಪಾಟಿ."

"ಉಳದವ್ರು ಎಂಟಕ್ಕಂದ್ರ ಇಕಿ ಯಾಕ ಆರಕ್ಕರಿ?"

ಬಿಂದುಮಾಧವ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಹೇಳಿದಷ್ಟು ಮಾಡು" ಎಂದ. ಬಂದ ದಾರಿಯಲ್ಲೇ ಬೇಗ ಬೇಗ ಹೋದ.

ಮಹಾಲಿಂಗ ನಕ್ಕ. "ನಾಗವ್ವಕ್ಕಾ, ಮೂವತ್ತು ಮಂದಿ ಮಲಗಿದ್ದಾಗ ನಿನ್ನ ಮಗಳು ಎರಡು ತಾಸು ಹೆಚ್ಚಿಗಿ ಕಲ್ತು ಬಿಡ್ತಾಳ ನೋಡು."

ನಾಗವ್ವ ನಗಲಿಲ್ಲ. ಅವಳಿಗೆ ನಗುವಷ್ಟು ಧೈರ್ಯ ಇರಲಿಲ್ಲ. ಮಗಳು ಆ ವಾಡೆಯೊಳಗೆ ಹೋಗಬೇಕು. ವರ್ಷ ಮುಗಿಸಬೇಕು. ಹೈಸ್ಕೂಲಿಗೆ ಹೋಗಬೇಕು. ಖಡಿಯ ಗುಂಪೆಗೆ ಬರಬಾರದು. ಅಷ್ಟೇ ಬೇಕಾಗಿತ್ತು. ಅದಕ್ಕಾಗಿ ಮಗಳಿಗೆ ಹೊಡೆದಿದ್ದಳು ಕೂಡ. ದೀಪದ ಎಣ್ಣೆ ಸುಟ್ಟು ನಿದ್ದೆ ಮಾಡಿದಾಗ ಹೊಡೆದಿದ್ದಳು. ಮಗ್ಗಿ ತಪ್ಪಿದಾಗ, ಅದು ತಪ್ಪೋ ಸರಿಯೋ ತನಗೆ ಗೊತ್ತಿಲ್ಲದಿದ್ದರೂ, ಮಗಳ ಮುಖ ನೋಡಿ ತಪ್ಪೆಂದು ತಿಳಿದು ಹೊಡೆದಿದ್ದಳು. ನಾಗವ್ವ ಮಗಳನ್ನು ಹೊಡೆಯದವಳಲ್ಲ.

ಆ ಸಂಜೆ ಪಾಟಿ ತೊಳೆದರು. ಒಂದು ಮೂಲೆ ಮುರಿದ, ಬಳಪದಿಂದ ಬರೆಯುವ ಕಲ್ಲಿನ ಪಾಟಿ. ಇದ್ದಲಿ ಅರೆದು, ಎಲೆಯ ರಸ ಕೂಡಿಸಿ, ತಾಯಿ ಮಗಳು ಇಬ್ಬರೂ ಉಜ್ಜಿದರು. ಪಾಟಿ ಕಪ್ಪಗೆ ಹೊಳೆಯಿತು. ನಾಗವ್ವ ಅದರಲ್ಲಿ ತನ್ನ ಮುಖ ನೋಡಿಕೊಂಡಳು.

"ಅಲ್ಲೆ ಇಂಗ್ರೇಜಿ ಕಲಸ್ತಾರ ಅವ್ವಾ" ಎಂದಳು ದ್ಯಾಮವ್ವ. "ಅಪೂರ್ಣಾಂಕದ ಲೆಕ್ಕ ಕಲಸ್ತಾರ. ಒಂದು ರೊಟ್ಟಿ ಏಳು ಮಂದಿಗೆ ಹಂಚಿದ್ರ ಒಬ್ಬೊಬ್ಬರಿಗೆ ಎಷ್ಟಂತ."

"ಒಂದು ರೊಟ್ಟಿ ಏಳು ಮಂದಿಗೆ ಹಂಚೂದು ನಾ ಕಲಸ್ತೇನಿ ಬಾ" ಎಂದಳು ನಾಗವ್ವ. "ಮಕ್ಕೊ. ಆರಕ್ಕ ಹೋಗಬೇಕು."

ಬೆಳಿಗ್ಗೆ ಮಗಳನ್ನು ವಾಡೆಯ ದಿಡ್ಡಿ ಬಾಗಿಲಿಗೆ ಬಿಟ್ಟು ನಾಗವ್ವ ದಂಡೆಗೆ ಹೋದಳು.

ಅಂಗಳದಲ್ಲಿ ರಂಗೂಬಾಯಿ ಕಸ ಗುಡಿಸುತ್ತಿದ್ದಳು. ಶಾಲೆಯ ಆಳು. ಬೆಳಗಾವಿಯ ವಿಧವೆ. ತಲೆಯ ಸೆರಗು ಸರಿಮಾಡಿಕೊಂಡು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಗೆರಿ ಕೆಳಗಿನಾಕಿ ನೀನ? ಪಾಟಿ ಎಲ್ಲೆದ?"

ದ್ಯಾಮವ್ವ ಎದೆಗೆ ಅವುಚಿಕೊಂಡಿದ್ದ ಪಾಟಿ ತೋರಿಸಿದಳು.

ರಂಗೂಬಾಯಿ ಪೊರಕೆ ಊರಿಕೊಂಡು ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು.

"ಇದಲ್ಲವಾ ತಾಯಿ. ಬುಟ್ಟಿ. ಇವರ ಮರಾಠಿಯೊಳಗ ಬುಟ್ಟಿಗೂ ಪಾಟಿ ಅಂತಾರ. ದನದ ಹೆಂಡಿ ಹೊರೂ ಪಾಟಿ. ದಿನಾ ಮುಂಜಾನೆ ಓಣಿಯೊಳಗಿನ ಹೆಂಡಿ ಆರಿಸಿ ಒಂದು ಪಾಟಿ ತುಂಬಿ ಬಾಗಲದಾಗ ಸುರಿ ಅಂತ ಹೆಡ್ಮಾಸ್ತರ್ ಪಂತರ ಅಪ್ಪಣಿ. ನಾ ಅದಕ ನೀರು ಚುಮುಕಿಸಿ ತೊಗೊಂಡು ವರ್ಗ ಸಾರಸ್ತೇನಿ. ಆಮ್ಯಾಲೆ ನೀ ಅಕೋ ಅಲ್ಲಿ, ದನದ ಕೊಟಿಗ್ಯಾಗ ಕುಂಡ್ರೂದು. ಪಾಠ ಅಲ್ಲೀಮಟಾ ಕೇಳಸ್ತದ. ಕಿವಿ ಕೊಟ್ಟು ಕೂತ್ರ ಸಾಕು."

ದ್ಯಾಮವ್ವ ಪುಣೆಯಲ್ಲೇ ಬೆಳೆದವಳು. ಮರಾಠಿಯಲ್ಲಿ ಬುಟ್ಟಿಗೆ ಪಾಟಿ ಎನ್ನುತ್ತಾರೆಂದು ಅವಳಿಗೂ ಗೊತ್ತಿತ್ತು. ಆದರೆ ಮಾತು ಬಂದದ್ದು ಕನ್ನಡದಲ್ಲಿ. ಕನ್ನಡದಲ್ಲಿ ಪಾಟಿ ಎಂದರೆ ಬರೆಯುವುದು, ಬುಟ್ಟಿ ಎಂದರೆ ಹೊರುವುದು. ಬಿಂದುಮಾಧವ ಮಾಸ್ತರನಿಗೆ ಎರಡೂ ಭಾಷೆ ಬರುತ್ತಿತ್ತು. ಅವನಿಗೆ ಬುಟ್ಟಿ ಎನ್ನಲು ಬಾಯಿ ಬರಲಿಲ್ಲ. ಆ ಒಂದು ಮಾತನ್ನು ಮಾತ್ರ ಮರಾಠಿಯಲ್ಲೇ ಬಿಟ್ಟು ಹೋಗಿದ್ದ.

"ನಾ ಹೆಂಡಿ ಆರಸಾಕ ಬಂದಿಲ್ಲ" ಎಂದಳು ದ್ಯಾಮವ್ವ.

"ಮತ್ತ ಏನು ಕಲೆಕ್ಟರ್ ಆಗಾಕ ಬಂದೀ? ಬುಟ್ಟಿ ನಂದ ಕೊಡ್ತೇನಿ, ನಡಿ."

ದ್ಯಾಮವ್ವ ಹೋಗಲಿಲ್ಲ. ಎರಡು ತಾಸು ಅಂಗಳದ ನಡುವೆ ನಿಂತಳು. ರಂಗೂಬಾಯಿ ಬೈದು ಬೈದು, ತಾನೇ ಓಣಿಗೆ ಹೋಗಿ ಸೆಗಣಿ ತಂದು ಬಾಗಿಲ ಹತ್ತಿರ ಗುಂಪೆ ಹಾಕಿದಳು. ಅರ್ಧ ಕಲಸಿ ವರ್ಗ ಸಾರಿಸಿದಳು. ಅರ್ಧ ಉಳಿಯಿತು.

ಎಂಟಕ್ಕೆ ಮೂವತ್ತು ಮಕ್ಕಳು ಬಂದರು. ಒಗೆದ ಅಂಗಿ, ಎಣ್ಣೆ ಹಚ್ಚಿದ ತಲೆ, ಕೈಯಲ್ಲಿ ಹೊಸ ಪಾಟಿ. ಪಡಸಾಲೆಯ ಮೇಲೆ ಉದ್ದನೆಯ ಹಲಗೆ ಇಟ್ಟು, ಅದರ ಮೇಲೆ ಸೀಮೆಸುಣ್ಣದಿಂದ ಒಂದರಿಂದ ಮೂವತ್ತರವರೆಗೆ ನಂಬರು ಬರೆದಿದ್ದರು. ತಮ್ಮ ತಮ್ಮ ನಂಬರಿನ ಮೇಲೆ ಪಾಟಿ ನಿಲ್ಲಿಸಿದರು. ಒಂದಕ್ಕೊಂದು ತಾಗಿ ಮೂವತ್ತು ಪಾಟಿ. ಪ್ರತಿಯೊಂದರ ಮೇಲೂ ಸರಸ್ವತಿಯ ಗುರುತು, ಕುಂಕುಮ, ಹೂವು. ಒಂದನೆಯ ನಂಬರಿನ ಮೇಲೆ ಕೃಷ್ಣಾಜಿ ಎಂಬ ಹುಡುಗನ ಪಾಟಿ. ಅವನಿಗೆ ದ್ಯಾಮವ್ವನಿಗಿಂತ ಒಂಬತ್ತು ಅಂಕ ಕಡಿಮೆ ಬಂದಿದ್ದವು.

ಹೆಡ್ಮಾಸ್ತರ ಬಾಳಕೃಷ್ಣಪಂತ ಎದ್ದು ನಿಂತ. ಖಾದಿ ಟೋಪಿ, ಖಾದಿ ಕೋಟು. ಮರಾಠಿಯಲ್ಲಿ ಮಾತಾಡಿದ. ಅವನು ಕೂಗುವ ಮನುಷ್ಯನಲ್ಲ. ಸಾವಕಾಶ ಮಾತು.

"ಮಕ್ಕಳೇ, ಹೊಸ ವರ್ಷಕ್ಕೆ ನಿಮಗೆ ಸ್ವಾಗತ. ಎರಡು ಸಾವಿರ ಮಕ್ಕಳಲ್ಲಿ ಆರಿಸಿದ ಮೂವತ್ತು ಜನ ನೀವು. ನಾಳೆ ಸ್ವರಾಜ್ಯ ಬಂದರೆ ಅದನ್ನು ನಡೆಸುವವರು ನೀವು. ಈ ವರ್ಷ ನಿಮಗೆ ಪುಸ್ತಕದ ಪಾಠ ಅಷ್ಟೇ ಅಲ್ಲ, ನೋಡಿ ತಿಳಿಯುವುದನ್ನು ಕಲಿಸುತ್ತೇವೆ. ಬುದ್ಧಿ ಅಂದರೆ ಏನು? ಯಾವ ವಸ್ತು ಎಲ್ಲಿರಬೇಕೋ ಅಲ್ಲಿ ಇಡುವುದು. ಅದೇ ಬುದ್ಧಿ."

ದ್ಯಾಮವ್ವ ಪಡಸಾಲೆಯ ಮೆಟ್ಟಿಲು ಹತ್ತಿದಳು. ಕೃಷ್ಣಾಜಿಯ ಪಾಟಿಯನ್ನು ಒಂದು ಗೇಣು ಸರಿಸಿದಳು. ಒಂದು ಎಂದು ಬರೆದಿದ್ದ ಜಾಗದಲ್ಲಿ ತನ್ನ ಪಾಟಿ ನಿಲ್ಲಿಸಿದಳು.

ತಾಗಿ ನಿಂತ ಪಾಟಿಗಳು. ಮೈಲಿಗೆ ಒಂದರಿಂದ ಮೂವತ್ತರವರೆಗೆ ಓಡಿತು.

ಬಾಳಕೃಷ್ಣಪಂತ ಗೋಡೆಗೆ ಒರಗಿಸಿದ್ದ ಕೊಡೆ ತೆಗೆದುಕೊಂಡ. ಅದರ ತುದಿಯಿಂದ ದ್ಯಾಮವ್ವನ ಪಾಟಿಯನ್ನು ನೂಕಿದ. ಪಾಟಿ ಕಲ್ಲುಹಾಸಿನ ಮೇಲೆ ಬಿದ್ದು ಚೂರಾಯಿತು. ಆಮೇಲೆ ಅದೇ ತುದಿಯನ್ನು ಅವಳ ಎದೆಗೆ ಇಟ್ಟು ಒತ್ತಿದ. ಅವಳು ಮೂರು ಮೆಟ್ಟಿಲಿನಿಂದ ಹಿಂದಕ್ಕೆ ಅಂಗಳಕ್ಕೆ ಬಿದ್ದಳು. ಅವನು ಕೊಡೆಯನ್ನು ರಂಗೂಬಾಯಿಯ ಕಡೆಗೆ ಎಸೆದ, ತೊಳೆದು ತಾ ಎಂದ. ಮಕ್ಕಳ ಕಡೆ ತಿರುಗಿದ.

"ಅವಳನ್ನು ಯಾರೂ ಮುಟ್ಟಬೇಡಿ" ಎಂದ.

ಶಾಣ್ಯಾ ಮಕ್ಕಳು. ಮುಟ್ಟಬೇಡಿ ಎಂದರೆ ಉಳಿದದ್ದು ಏನೆಂದು ಅವರಿಗೆ ಕೂಡಲೇ ತಿಳಿಯಿತು. ಏಳನೆಯ ನಂಬರಿನ ಸುಲಭಾ ಎಂಬ ಹುಡುಗಿ ಮೊದಲು ಹೋಗಿ ಸೆಗಣಿಯ ಗುಂಪೆಯಿಂದ ಒಂದು ಉಂಡೆ ಎತ್ತಿ ಎಸೆದಳು. ಅದು ಹೆಗಲಿಗೆ ಬಿತ್ತು. ಎಲ್ಲರೂ ನಕ್ಕರು. ಮತ್ತೊಂದು ಮುಖಕ್ಕೆ ಬಿತ್ತು. ಆಮೇಲೆ ಮೂವತ್ತೂ ಕೈಗಳು ಗುಂಪೆಗೆ ಹೋದವು. ಕೃಷ್ಣಾಜಿ ಎಸೆಯಲು ಅವಸರ ಮಾಡಲಿಲ್ಲ. ಅಂಗಳದ ಮೂಲೆಯಲ್ಲಿ ಒಂದು ಕಲ್ಲು ಹುಡುಕಿದ. ಅದಕ್ಕೆ ಸೆಗಣಿ ಸುತ್ತಿ ಉಂಡೆ ಮಾಡಿದ. ಗುರಿ ಹಿಡಿದು ಎಸೆದ.

ದ್ಯಾಮವ್ವನ ಹಣೆ ಒಡೆಯಿತು. ರಕ್ತ ಸೆಗಣಿಯ ಮೇಲೆ ಹರಿದು ಕಣ್ಣಿಗೆ ಇಳಿಯಿತು. ಅವಳು ಎದ್ದು ನಿಂತಳು. ಇನ್ನೊಂದು ಬಂತು. ತುಟಿ ಸೀಳಿತು. ಬಾಯಿಯೊಳಗೆ ಸೆಗಣಿ, ರಕ್ತ, ಒಂದು ಹಲ್ಲು. ಉಗುಳಿದಳು. ಬಾಗಿಲು ತೆರೆದೇ ಇತ್ತು. ಅವಳು ಓಡಲಿಲ್ಲ.

ಬಿಂದುಮಾಧವ ಕಂಬದ ಹಿಂದೆ ನಿಂತಿದ್ದ. ಕಂಬಕ್ಕೆ ಹಣೆ ಹಚ್ಚಿದ್ದ. ಹಣೆ ಹಚ್ಚಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ಒಂಬತ್ತಕ್ಕೆ ರಂಗೂಬಾಯಿ ದಂಡೆಗೆ ಬಂದಳು. ದೂರದಿಂದಲೇ ಕೂಗಿದಳು.

"ಏ ಗೋಕಾಕದಾಕೀ, ನಡಿ. ನಿನ್ನ ಮಗಳು ಸರಸ್ವತಿಗೆ ಮೈಲಿಗಿ ಮಾಡ್ಯಾಳ. ಪಂತರು ಕರೀತಾರ."

"ಜೀವದಿಂದ ಅದಾಳೇನು?" ಎಂದಳು ನಾಗವ್ವ.

"ಅದಾಳ. ಬಾಯಿ ಭಾಳ ಅದ ಅಕಿಗೆ. ಒಂದು ಹಲ್ಲು ಕಡಿಮಿ ಆಗೇದ ಈಗ."

ಮಹಾಲಿಂಗ ಎದ್ದ. ನಾಗವ್ವ ಕೈ ಅಡ್ಡ ಮಾಡಿದಳು. "ನೀ ಬರಬ್ಯಾಡಪಾ. ಗಂಡಸು ಬಂದ್ರ ದಂಗೆ ಅಂತಾರ." ಸುತ್ತಿಗೆಯನ್ನು ಖಡಿಯ ಗುಂಪೆಯ ಮೇಲೆ ಇಟ್ಟು ಓಡಿದಳು.

ಅಂಗಳದಲ್ಲಿ ಮಗಳು ನಿಂತಿದ್ದಳು. ನಾಗವ್ವನಿಗೆ ಮೊದಲು ಗುರುತು ಸಿಗಲಿಲ್ಲ. ಸೆಗಣಿ ಒಣಗಿ ಮುಖ ಬಿರಿದಿತ್ತು. ಒಂದು ಕಣ್ಣು ಮುಚ್ಚಿತ್ತು. ನಾಗವ್ವ ಸೆರಗಿನಿಂದ ಮಗಳ ಬಾಯಿ ಒರೆಸಿದಳು. ಒರೆಸಿದ ಸೆರಗು ನೋಡಿದಳು.

ಮಕ್ಕಳು ಕೈ ತೊಳೆದುಕೊಂಡು ಪಡಸಾಲೆಯ ಮೇಲೆ ಸಾಲಾಗಿ ನಿಂತಿದ್ದರು. ಬಾಳಕೃಷ್ಣಪಂತ ಮರಾಠಿಯಲ್ಲಿ ಹೇಳಿದ. ಬಿಂದುಮಾಧವ ಕಂಬದ ಹಿಂದಿನಿಂದ ಬಂದು ಕನ್ನಡದಲ್ಲಿ ಹೇಳಿದ.

"ನಾಗವ್ವಾ, ಇಕಿ ಮಾಡಿದ್ದು ದೊಡ್ಡ ತಪ್ಪು. ಹನ್ನೆರಡು ಏಟಿನ ಶಿಕ್ಷಾ ಅದ. ಇಲ್ಲೆ ಯಾರೂ ಇಕಿನ್ನ ಮುಟ್ಟೂಹಂಗಿಲ್ಲ. ಅದಕ್ಕ ನೀನೇ ಹೊಡೀಬೇಕು. ಎಲ್ಲಾರ ಮುಂದ. ಹೊಡದ್ರ ಹೆಸರು ಪಟ್ಟಿಯೊಳಗ ಉಳೀತದ, ಕೊಟಿಗ್ಯಾಗ ಕೂತು ಕಲೀಬಹುದು. ಹೊಡೀಲಿಲ್ಲಂದ್ರ ಹೆಸರು ತಗೀತಾರ. ಶಿಸ್ತಿಗೆ ಒಪ್ಪದವರ ಹೆಸರು ತಗೀಬಹುದು ಅಂತ ಮೃತ್ಯುಪತ್ರದೊಳಗೇ ಅದ."

"ಪಾಟಿ ಅಂದ್ರಿ ನೀವು ಮಾಸ್ತರ್ರ" ಎಂದಳು ನಾಗವ್ವ. "ನಾವು ಉಜ್ಜಿ ಉಜ್ಜಿ ಕಳಿಸಿದಿವಿ."

ಬಿಂದುಮಾಧವ ಅದನ್ನು ಮರಾಠಿಗೆ ತಿರುಗಿಸಲಿಲ್ಲ.

ಬಾಳಕೃಷ್ಣಪಂತ ಹಸಿ ಹುಣಸೆಯ ಬರಲನ್ನು ನಾಗವ್ವನ ಕಾಲ ಬಳಿ ಎಸೆದ. ಅವಳು ಬಗ್ಗಲಿಲ್ಲ. ದ್ಯಾಮವ್ವ ಬಗ್ಗಿದಳು. ಬರಲು ಎತ್ತಿ ತಾಯಿಯ ಕೈಗೆ ಕೊಟ್ಟಳು.

"ಹೊಡಿ ಅವ್ವಾ" ಎಂದಳು. ತುಟಿ ಬಾತು ಮಾತು ತೊದಲುತ್ತಿತ್ತು. "ಹೆಸರು ಹೋಗಬಾರದು. ಹನ್ನೆರಡು ನಾ ತಡಕೋತೇನಿ. ಮೆತ್ತಗ ಹೊಡೀಬ್ಯಾಡ. ಅವರಿಗೆ ಗೊತ್ತಾಗ್ತದ."

ತಾಯಿಗೆ ಬೆನ್ನು ಮಾಡಿ, ಗೋಡೆಗೆ ಎರಡೂ ಕೈ ಊರಿ ನಿಂತಳು.

ನಾಗವ್ವ ಹೊಡೆದಳು. ಹತ್ತು ವರ್ಷ ಕಲ್ಲು ಒಡೆದ ತೋಳು ಅದು. ಮೊದಲ ಏಟಿಗೇ ಕುಪ್ಪಸ ಹರಿಯಿತು. ಮಕ್ಕಳು ಎಣಿಸಿದರು. ಮೂವತ್ತು ಬಾಯಿ ಒಟ್ಟಿಗೆ. ಒಂದು. ಎರಡನೆಯದಕ್ಕೆ ಬೆನ್ನ ಮೇಲೆ ಬಾಸುಂಡೆ ಎದ್ದಿತು. ಎರಡು. ಮೂರನೆಯದಕ್ಕೆ ಚರ್ಮ ಬಿರಿಯಿತು. ಮೂರು. ನಾಲ್ಕು. ಐದನೆಯದಕ್ಕೆ ಮೊಣಕಾಲು ಕುಸಿಯಿತು. ದ್ಯಾಮವ್ವ ಗೋಡೆ ಹಿಡಿದು ಮತ್ತೆ ನಿಂತಳು. ಕೂಗಲಿಲ್ಲ. ಆರು. ಏಳು. ನಾಗವ್ವನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೈ ತಾನೇ ಆಡುತ್ತಿತ್ತು. ಎದುರಿಗೆ ಕಲ್ಲು ಇದೆ ಎಂದು ಕೈ ತಿಳಿದಿತ್ತು. ಎಂಟು.

"ನಿಲ್ಲು" ಎಂದ ಬಾಳಕೃಷ್ಣಪಂತ.

ನಾಗವ್ವ ನಿಂತಳು. ಅವನು ಮಕ್ಕಳ ಕಡೆ ತಿರುಗಿ ನಕ್ಕ.

"ಯಾರಾದರೂ ಗಮನಿಸಿದಿರಾ? ನಾಲ್ಕನೆಯದು ಹಗುರಾಗಿ ಬಿತ್ತು. ಎಂಟನೆಯದೂ ಹಗುರ. ಈ ಹೆಂಗಸು ಪ್ರತಿ ನಾಲ್ಕನೆಯ ಏಟನ್ನು ಕದಿಯುತ್ತಿದ್ದಾಳೆ. ಹಗುರಾದದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರಿ, ಇದೇ ಈ ವರ್ಷದ ನಿಮ್ಮ ಮೊದಲ ಲೆಕ್ಕ. ಪ್ರತಿ ನಾಲ್ಕನೆಯ ಏಟು ಹುಸಿ ಹೋದರೆ, ಹನ್ನೆರಡು ಏಟು ಬರೋಬರಿ ಬೀಳಬೇಕಾದರೆ ಒಟ್ಟು ಎಷ್ಟು ಹೊಡೆಯಬೇಕು?"

ಮಕ್ಕಳ ತುಟಿ ಆಡಿದವು. ಕೃಷ್ಣಾಜಿ ಕೈ ಎತ್ತಿದ. "ನಾಲ್ಕಕ್ಕೆ ಮೂರು ಬರೋಬರಿ. ಹದಿನಾರಕ್ಕೆ ಹನ್ನೆರಡು. ಹದಿನಾರು ಗುರೂಜಿ."

"ಶಾಬಾಸ್. ಹದಿನಾರು."

"ಹದಿನೈದು."

ಮಾತು ಗೋಡೆಯ ಕಡೆಯಿಂದ ಬಂತು. ದ್ಯಾಮವ್ವ ತಿರುಗಿದ್ದಳು. ಒಂದೇ ಕಣ್ಣು ತೆರೆದಿತ್ತು. ಅವಳು ಹಟಕ್ಕೆ ಹೇಳಿದ್ದಲ್ಲ. ಲೆಕ್ಕ ಕೇಳಿದರು, ಉತ್ತರ ಬಂತು. ತಡೆಯಲು ಅವಳಿಂದ ಆಗಲಿಲ್ಲ.

"ಹದಿನೈದಕ್ಕ ಹನ್ನೆರಡು ಬರೋಬರಿ ಆಗಿರ್ತಾವ" ಎಂದಳು ಮರಾಠಿಯಲ್ಲಿ. "ಹುಸಿ ಹೋಗೂದು ನಾಲ್ಕು, ಎಂಟು, ಹನ್ನೆರಡು, ಮೂರೇ. ಹದಿನಾರನೇದೂ ಹುಸಿ. ಅದನ್ನ ಹೊಡಿಯೂ ಕಾರಣ ಇಲ್ಲ."

ಮಕ್ಕಳು ಬೆರಳು ಮಡಿಸಿ ಎಣಿಸುತ್ತಿದ್ದರು. ಏಳನೆಯ ನಂಬರಿನ ಸುಲಭಾ ಎರಡು ಸಲ ಎಣಿಸಿದಳು. "ಗುರೂಜಿ, ಹದಿನೈದೇ ಬರುತ್ತದೆ" ಎಂದಳು ಮೆಲ್ಲಗೆ. ಕೃಷ್ಣಾಜಿ ಅವಳ ಜಡೆ ಹಿಡಿದು ಜಗ್ಗಿದ.

ಬಾಳಕೃಷ್ಣಪಂತನ ಕಿವಿ ಕೆಂಪಾದವು. ಆದರೂ ದನಿ ಏರಿಸಲಿಲ್ಲ.

"ಹದಿನಾರು" ಎಂದ. "ಹದಿನಾರನೆಯದು ಕೇಳದೆ ಬಾಯಿ ಬಿಟ್ಟದ್ದಕ್ಕೆ. ಅದು ಹಗುರಾಗಿ ಬೀಳಬಾರದು. ತಲೆಗೆ ಬೀಳಬೇಕು. ಮಾಸ್ತರ್, ಹೇಳಿ ಅವಳಿಗೆ."

ಬಿಂದುಮಾಧವ ಬಾಯಿ ತೆರೆದ. ಹತ್ತು ವರ್ಷ ಪುಣೆಯಲ್ಲಿದ್ದ ನಾಗವ್ವನಿಗೆ ಮರಾಠಿ ಅಷ್ಟಿಷ್ಟು ತಿಳಿಯುತ್ತಿತ್ತು. ಅವನು ಹೇಳುವ ಮುಂಚೆ ಕೇಳಿದಳು.

"ಮಾಸ್ತರ್ರ, ಆ ಲೆಕ್ಕದ ಉತ್ತರ ಎಷ್ಟ್ರಿ?"

"ಅದು ಬಿಡು ಈಗ."

"ಪೇಪರ್ ತಿದ್ದಿದಾಂವ ನಾನು ಅಂದ್ರಿ. ಇದನ್ನೂ ತಿದ್ರಿ. ಎಷ್ಟು?"

ಬಿಂದುಮಾಧವ ತನ್ನ ಕಾಲು ನೋಡಿದ. "ಹದಿನೈದು."

"ಅಂದ್ರ ಹುಡುಗಿ ಹೇಳಿದ್ದು ಖರೆ."

"ಖರೆ. ಖರೆ ಅದ ನಾಗವ್ವಾ. ಆದ್ರ ನೀ ಸುಮ್ಮನ ಹೊಡಿ. ಇನ್ನ ಎಂಟು. ಮುಗದು ಹೋಗ್ತದ. ಹೆಸರು ಉಳೀತದ. ವರ್ಷ ದಾಟಿದ್ರ ಹೈಸ್ಕೂಲು. ನಾ ನೋಡ್ಕೋತೇನಿ."

"ಹೊಡಿ ಅವ್ವಾ" ಎಂದಳು ದ್ಯಾಮವ್ವ. ಮತ್ತೆ ಗೋಡೆಗೆ ಕೈ ಊರಿದಳು. ಹರಿದ ಕುಪ್ಪಸ ರಕ್ತಕ್ಕೆ ಅಂಟಿತ್ತು. "ಹೊಡಿ, ನಾ ಕಲೀಬೇಕು."

ನಾಗವ್ವ ಮಗಳ ಬೆನ್ನು ನೋಡಿದಳು. ಎಂಟು ಏಟು. ಯಾವುದು ಯಾವ ಏಟಿನದು ಎಂದು ಅವಳು ಹೇಳಬಲ್ಲಳು. ಎಲ್ಲವೂ ಅವಳವೇ. ಪಡಸಾಲೆಯ ಮೇಲೆ ಯಾರ ಕೈಗೂ ರಕ್ತ ಅಂಟಿರಲಿಲ್ಲ. ಅವರು ಕೈ ತೊಳೆದುಕೊಂಡಿದ್ದರು.

"ಮಗ್ಗಿ ತಪ್ಪಿದಾಗ ಹೊಡದೇನಿ" ಎಂದಳು. "ಬರೋಬರಿ ಹೇಳಿದಾಗ ಹೊಡದಿಲ್ಲ. ಈ ಎಂಟರ ಪಾಪ ನನ್ನ ಕೈಗೈತಿ. ಒಂಬತ್ತನೇದು ಹೊಡ್ಯಂಗಿಲ್ಲ."

"ಹೆಸರು ಹೋಗ್ತದ ನಾಗವ್ವಾ."

"ಹೊಡ್ಯಂಗಿಲ್ಲ ಅಂತ ಹೇಳ್ರಿ ಅವರಿಗೆ. ಇದನ್ನರೆ ಬರೋಬರಿ ಹೇಳ್ರಿ. ಪಾಟಿ ಅಂದಂಗ ಹೇಳಬ್ಯಾಡ್ರಿ."

ಹೇಳಬೇಕಾಗಿರಲಿಲ್ಲ. ಬಾಳಕೃಷ್ಣಪಂತನಿಗೆ ತಿಳಿದಿತ್ತು. ಬಾಗಿಲ ಕಡೆ ಬೆರಳು ತೋರಿಸಿದ. "ಹೊರಗೆ. ಇಬ್ಬರೂ. ಪಟ್ಟಿ ತನ್ನಿ, ಹೆಸರು ಹೊಡೆದುಹಾಕುತ್ತೇನೆ."

ನಾಗವ್ವ ಮಗಳ ರಟ್ಟೆ ಹಿಡಿದಳು. ಬಾಗಿಲ ಕಡೆ ಹೋಗಲಿಲ್ಲ. ಪಡಸಾಲೆಯ ಮೂರು ಮೆಟ್ಟಿಲು ಹತ್ತಿದಳು. ಮೂವತ್ತು ಮಕ್ಕಳು ಗೋಡೆಗೆ ಅಂಟಿ ಹಿಂದೆ ಸರಿದರು. ಒಬ್ಬ ಹುಡುಗ ಅಳತೊಡಗಿದ. ನಾಗವ್ವ ವರ್ಗದ ಹೊಸ್ತಿಲು ದಾಟಿದಳು. ನೆಲ ಬೆಳಿಗ್ಗೆ ಸಾರಿಸಿದ್ದು, ಇನ್ನೂ ಹಸಿ ಇತ್ತು. ನಡುವೆ ಹೋಗಿ ಕೂತಳು. ಮಗಳನ್ನು ಪಕ್ಕಕ್ಕೆ ಕೂರಿಸಿದಳು. ಹಸಿ ನೆಲದ ಮೇಲೆ ದ್ಯಾಮವ್ವನ ಬೆನ್ನಿನ ರಕ್ತ ಹನಿಯಿತು.

"ಏಳು" ಎಂದ ಬಾಳಕೃಷ್ಣಪಂತ. ಈಗ ಕೂಗಿದ.

"ಏಳಂಗಿಲ್ಲ."

"ರಂಗೂಬಾಯಿ, ಎಳೆದು ಹಾಕು."

ರಂಗೂಬಾಯಿ ಎರಡು ಹೆಜ್ಜೆ ಬಂದಳು. ನಿಂತಳು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ನನ್ನಿಂದ ಆಗೂದಿಲ್ರಿ. ಮನಿಯೊಳಗ ದೇವರದಾವ್ರಿ" ಎಂದಳು.

"ಮಾಸ್ತರ್, ನೀವು."

ಬಿಂದುಮಾಧವ ತನ್ನ ಎರಡೂ ಕೈ ನೋಡಿಕೊಂಡ. ಬೆನ್ನ ಹಿಂದೆ ಕಟ್ಟಿದ. ಹೊಸ್ತಿಲಿನ ಆಚೆಗೆ ನಿಂತು ಬಗ್ಗಿ, ಬಹಳ ಸಣ್ಣ ದನಿಯಲ್ಲಿ ಹೇಳಿದ. "ನಾಗವ್ವಾ, ಪೋಲೀಸರು ಬರ್ತಾರ. ಅವರ ಲಾಠಿ ಉದ್ದ ಇರ್ತಾವ. ಮುಟ್ಟದನೇ ಹೊಡೀತಾರ. ಹುಡುಗಿ ಸಾಯ್ತದ. ಕೈ ಮುಗೀತೇನಿ, ಏಳು."

"ಬರ್ಲಿ" ಎಂದಳು ನಾಗವ್ವ. "ಅವರು ಬರೂತನಕ ಹೊತ್ತೈತಿ. ಅಪೂರ್ಣಾಂಕ ಅಂದ್ರ ಏನಂತ ಹೇಳ್ರಿ ಇಕಿಗೆ. ಸುರು ಮಾಡ್ರಿ."

"ಏಳು ಅಂದೆ" ಎಂದು ಬಾಳಕೃಷ್ಣಪಂತ ಅರಚಿದ.

"ಏಳಂಗಿಲ್ರಿ. ಎಬ್ಬಿಸೂದಿದ್ರ ಬರ್ರಿ. ಕೈ ಹಚ್ಚಿ ಎಬ್ಬಿಸ್ರಿ."